ಹಕ್ಕಿಗೊಂದು ಹಕ್ಕು, ಮಂಗನಿಗೊಂದು ಮೈಕು

ಮಂಗ ಮೊಸರು ತಿಂದು ಮೈಕಿನ ಬಾಯಿಗೆ ಒರೆಸಿತಂತೆ. ಅದು ಮೈಕಲ್ಲ, ಮೇಕೆ ಎಂದು ತಿದ್ದಲು ಬರುವವರು ಸ್ವಲ್ಪ ತಡೆಯಬೇಕು. ಎರಡು ವರ್ಷ ಬಸ್ಸಿನಲ್ಲಿ ಜೋತುಬಿದ್ದು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೆ ಓಡಾಡಿ ಎಂ.ಎ. ಮಾಡಿದವಳು ನಾನು, ರಂಜನಾ. ಗಾದೆ ಕೆಡಿಸಲು ನನಗೆ ಹಕ್ಕಿದೆ. ಇದು ಕಟ್ಟಿದ ಕತೆಯೂ ಅಲ್ಲ. ಹೋದ ಬೇಸಿಗೆಯಲ್ಲಿ ಹಾನಗಲ್ಲಿನ ನಮ್ಮ ಓಣಿಯಲ್ಲಿ ನನ್ನ ಕಣ್ಣೆದುರಿಗೇ ನಡೆದದ್ದು. ಅರ್ಧದಷ್ಟು ನನ್ನ ಕೈಯಿಂದಲೇ ನಡೆದದ್ದು.

ನಮ್ಮ ಪಕ್ಕದ ಮನೆ ಪ್ರಾಣೇಶ ಮಾಸ್ತರರದು. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಒಂಬತ್ತನೇ ವರ್ಗದಲ್ಲಿ ನನಗೂ ಕಲಿಸಿದ್ದರು. ಕಲಿಸಿದ್ದಕ್ಕಿಂತ ಹೊರಗೆ ನಿಲ್ಲಿಸಿದ್ದೇ ಹೆಚ್ಚು. ನಾವು ಬರೆದದ್ದೆಲ್ಲ ಅಶುದ್ಧ, ನಾವು ಮಾತ್ರ ‘ಶುದ್ಧ ಮಂಗ್ಯಾ’ಗಳು. ಹಾಗೆ ಹೊರಗೆ ನಿಂತು ನಿಂತೇ ಅವರ ಧ್ವನಿ ನನಗೆ ಒಲಿಯಿತು. ತೆಳ್ಳಗೆ ಮೂಗಿನಿಂದ ಹೊರಟು, ವಾಕ್ಯದ ಕೊನೆಗೆ ಹಳೆಯ ಬಾಗಿಲಿನಂತೆ ಕಿರುಗುಟ್ಟುವ ಧ್ವನಿ. ಮದುವೆ ಮನೆಗಳಲ್ಲಿ ಜನ ನನ್ನನ್ನು ಎಬ್ಬಿಸಿ ನಿಲ್ಲಿಸಿ ಮಾಸ್ತರರನ್ನು ಮಾಡಿ ತೋರಿಸು ಎನ್ನುತ್ತಿದ್ದರು.

ಮಾಸ್ತರರದು ಒಂದು ನೇಮ. ಪೂಜೆ ಮುಗಿಸಿ, ಎರಡೂ ಮನೆಗಳ ನಡುವಿನ ಗೋಡೆಯ ಮೇಲೆ ಕಾಗೆಗೆ ಅನ್ನವಿಡಬೇಕು. ಕಾಗೆ ಮುಟ್ಟಿದ ಮೇಲೆಯೇ ತಾವು ಉಣ್ಣಬೇಕು. ಮೊದಲು ಅದು ಒಂದು ಹಿಡಿಯಷ್ಟಿತ್ತು. ನಿವೃತ್ತಿಯಾದ ಮೇಲೆ ಗೋಡೆ ಉದ್ದಕ್ಕೂ ಪಂಕ್ತಿಯೇ ಬಿತ್ತು. ಗುಬ್ಬಿಗೆ ನುಚ್ಚು, ಗಿಣಿಗೆ ಜೋಳ, ಗೊರವಂಕಕ್ಕೆ ಹಣ್ಣಿನ ಚೂರು, ಕುಡಿಯಲು ಮಣ್ಣಿನ ಬಟ್ಟಲಿನಲ್ಲಿ ನೀರು. ಎಲ್ಲವನ್ನೂ ಇಟ್ಟು, ‘ಕಾ ಕಾ’ ಎಂದು ಕರೆದು, ಸೀದಾ ಒಳಗೆ ಹೋಗಿ ಪಾರಾಯಣಕ್ಕೆ ಕೂಡುತ್ತಿದ್ದರು. ಕಾಗೆ ಬಂತೇ ಎಂದು ಹಿತ್ತಲ ಬಾಗಿಲಿನಿಂದ ನೋಡಿ ಹೇಳುವುದು ಅವರ ಹೆಂಡತಿ ತುಳಸಾಬಾಯಿಯವರ ಕೆಲಸ.

ಉಳಿದ ಪಂಕ್ತಿಗೆ ಬರುತ್ತಿದ್ದದ್ದು ಮಂಗಗಳು. ಹನ್ನೆರಡು ಮಂಗಗಳ ಹಿಂಡು. ಗೋಡೆಯ ಮೇಲಿನದನ್ನು ಬಳಿದು ತಿಂದು, ಕೈ ತೊಳೆಯಲು ಎಂಬಂತೆ ನಮ್ಮ ಮಾಳಿಗೆಗೆ ನೆಗೆಯುತ್ತಿದ್ದವು. ನೀರಿನ ಟಾಕಿಯ ಮುಚ್ಚಳ ಹೋಯಿತು, ಟಿವಿಯ ಕೇಬಲ್ ಹೋಯಿತು. ಮಂಗ ಬಂದರೆ ಆಗಮ, ಮುಚ್ಚಳ ಹೋದರೆ ಲೋಪ, ಮಾಸ್ತರರು ಒದರಿದರೆ ಆದೇಶ. ಮೂರೂ ಸಂಧಿ ನಮ್ಮ ಒಂದೇ ಸಂದಿಯಲ್ಲಿ.

ಸಂಡಿಗೆಯ ತನಕ ನಾನು ನಗುತ್ತಲೇ ಇದ್ದೆ. ನಮ್ಮವ್ವ ಹಾಲವ್ವ ಬೆಳಗಿನ ಐದಕ್ಕೆ ಎದ್ದು ಅಕ್ಕಿಹಿಟ್ಟು ಕುದಿಸಿ, ತಿರುವಿ ತಿರುವಿ ರಟ್ಟೆ ನೋಯಿಸಿಕೊಂಡು, ಹಳೆಯ ಧೋತರ ಹಾಸಿ ಮಾಳಿಗೆಯ ತುಂಬ ಸಂಡಿಗೆ ಇಟ್ಟಿದ್ದಳು. ಹಿರೇಕೆರೂರಿನಲ್ಲಿ ಅಕ್ಕ ಬಸುರಿ. ಬಾಯಿಗೆ ಏನೂ ಸೇರುತ್ತಿಲ್ಲ, ಅವ್ವನ ಸಂಡಿಗೆಯೊಂದೇ ಬೇಕು ಎಂದಿದ್ದಳು. ಮಂಗಗಳು ಅದನ್ನು ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಅವ್ವ ಗೋಡೆಯ ಮೇಲೆ ನಮ್ಮ ಬದಿಗೆ ಖಾರಪುಡಿ ಉದುರಿಸಿದಳು. ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಖಾರಾ ತಿಂಡಿಯ ಪೊಟ್ಟಣ ಕಸಿದು ತಿಂದ ಕುಲವಿರಬೇಕು, ಅವು ಹೆಜ್ಜೆಯನ್ನೂ ತಪ್ಪಿಸಲಿಲ್ಲ. ಕಾಲಿಗೆ ಹತ್ತಿದ ಖಾರದ ಕೆಂಪು, ಬಿಳಿಯ ಧೋತರದ ಮೇಲೆ ಹೆಜ್ಜೆ ಹೆಜ್ಜೆಯಾಗಿ ಮೂಡಿತು. ಅವ್ವ ಅದನ್ನು ನೋಡುತ್ತ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅವಳು ಬಯ್ದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಾಸ್ತರರ ಅಂಗಳಕ್ಕೆ ಇಳಿದು ಹೋದೆ. ಹಕ್ಕಿಗೆ ಹಾಕಬೇಡಿ ಎನ್ನಲಿಲ್ಲ. ಕೇಳಿದ್ದು ಒಂದೇ. “ಅನ್ನಾ ಇಟ್ಟು ಒಳಗ ಹೋಗಬ್ಯಾಡ್ರಿ ಸರ. ಹಕ್ಕಿ ತಿನ್ನೂತನಕ ಅಲ್ಲೇ ನಿಂತು ನೋಡ್ರಿ. ಉಳದದ್ದು ತಗದುಬಿಡ್ರಿ. ಅಷ್ಟ ಸಾಕು.”

“ನಾ ಹಾಕೂದು ಪಕ್ಷಿಗೆ,” ಎಂದರು ಮಾಸ್ತರರು. “ನಿಮ್ಮ ಮಾಳಿಗಿ ಮ್ಯಾಲ ಬಂದದ್ದು ನಿಮ್ಮ ಅತಿಥಿ. ಅತಿಥಿ ಅಂದ್ರ ತಿಥಿ ಇಲ್ಲದ ಬರಾಂವ. ಒಂಬತ್ತನೇ ವರ್ಗದಾಗ ಹೇಳಿದ್ದೆ. ಆವತ್ತೂ ಕಿಡಕಿ ಹೊರಗ ನೋಡ್ಲಿಕ್ಕತ್ತಿದ್ದಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಕಿವಿಯ ಯಂತ್ರ ಕಿತ್ತು ಜೇಬಿನಲ್ಲಿಟ್ಟುಕೊಂಡರು. ಬ್ಯಾಟರಿ ಉಳಿಸಲೆಂದು ಮನೆಯಲ್ಲಿ ಅವರು ಅದನ್ನು ಹಾಕಿಕೊಳ್ಳುತ್ತಿರಲಿಲ್ಲ. ಜಗಳಕ್ಕೆ ಮಾತ್ರ ಹಾಕಿಕೊಂಡು, ಗೆದ್ದ ಕೂಡಲೆ ತೆಗೆಯುತ್ತಿದ್ದರು. ಅದಿಲ್ಲದಿದ್ದರೆ ಅವರಿಗೆ ಕುಕ್ಕರಿನ ಸೀಟಿಯೂ ಕೇಳುತ್ತಿರಲಿಲ್ಲ. ನಾನು ಹತ್ತು ಮಾತು ಬಯ್ದು ಬಂದೆ, ಒಂದೂ ಅವರಿಗೆ ಮುಟ್ಟಲಿಲ್ಲ. ಬಯ್ದ ಮಾತು ಮುಟ್ಟದೆ ವಾಪಸು ಬಂದರೆ ಮೈಯೆಲ್ಲ ಉರಿಯುತ್ತದೆ.

ಆ ಉರಿಯಲ್ಲಿಯೇ ತಿಳವಳ್ಳಿಯ ಬಸ್ಸು ಹತ್ತಿದೆ. ಅಲ್ಲಿ ನನ್ನ ಸೋದರಮಾವ ರುದ್ರೇಶನ ಗೋವಿನಜೋಳದ ಹೊಲವಿದೆ. ಹಂದಿ, ಹಕ್ಕಿ ಓಡಿಸಲು ಅವನು ಒಂದು ಕೈಮೈಕು ಇಟ್ಟಿದ್ದ. ತರಕಾರಿ ಗಾಡಿಯವರು ಬಳಸುತ್ತಾರಲ್ಲ, ಅಂಥದು. ಒಮ್ಮೆ ಮಾತು ತುಂಬಿ ಗುಂಡಿ ಒತ್ತಿದರೆ ಅದನ್ನೇ ದಿನವಿಡೀ ಒದರುತ್ತದೆ. ಈಗ ಹೊಲ ಖಾಲಿ, ಮೈಕೂ ಖಾಲಿ. ಕೇಳಿ ತಂದೆ.

ಮಂಗಗಳು ಈ ಓಣಿಯಲ್ಲಿ ಹೆದರುತ್ತಿದ್ದದ್ದು ಮಾಸ್ತರರ ಧ್ವನಿಗೆ ಮಾತ್ರ. ಪಾರಾಯಣ ಮುಗಿಸಿ ಹೊರಗೆ ಬಂದಾಗ ತಮ್ಮ ಹಿತ್ತಲಲ್ಲಿ ಕಂಡರೆ ಅವರು ಒದರುತ್ತ ಓಡಿಸುತ್ತಿದ್ದರು, ಆ ಧ್ವನಿಯ ಹಿಂದೆಯೇ ಬೆತ್ತ ಬರುತ್ತದೆಂದು ಅವಕ್ಕೆ ಗೊತ್ತಿತ್ತು. ಕೋಣೆಯ ಬಾಗಿಲು ಹಾಕಿಕೊಂಡು, ಮೂಗು ಸ್ವಲ್ಪ ಹಿಡಿದು, ಸಿಟ್ಟನ್ನೆಲ್ಲ ಸೇರಿಸಿ ತುಂಬಿದೆ: “ಏ ಶುದ್ಧ ಮಂಗ್ಯಾ. ಎಷ್ಟು ಸಲ ಹೇಳಬೇಕು ನಿನಗ? ನಾಚಿಕಿ ಅನ್ನೋದು ಅದ ಏನು? ಹೊರಗ ಹೋಗಿ ನಿಂದ್ರು. ನಾ ಇಲ್ಲೇ ನಿಂತು ನೋಡಾಕತ್ತೇನಿ.”

ಮಾಳಿಗೆಯ ಟಾಕಿಯ ಮೇಲೆ ಮೈಕು ಕಟ್ಟಿದೆ. ಮಂಗಗಳು ಬಂದವು, ಕೇಳಿದವು, ಬೆತ್ತಕ್ಕಾಗಿ ಅತ್ತಿತ್ತ ನೋಡಿ ಮಾಸ್ತರರ ಹಿತ್ತಲಿಗೇ ಹಾರಿದವು. ಕಿವಿಯಲ್ಲಿ ಯಂತ್ರವಿಲ್ಲದ ಮಾಸ್ತರರು ಒಳಗೆ ಪಾರಾಯಣ ಮಾಡುತ್ತಿದ್ದರೆ, ಮೇಲೆ ಮಾಸ್ತರರೇ ಬಯ್ಯುತ್ತಿದ್ದರು. ತುಳಸಾಬಾಯಿಯವರು ತಲೆಯನ್ನೂ ಎತ್ತಲಿಲ್ಲ. ಗಂಡ ಒದರುವುದು ಅವರಿಗೆ ಫ್ಯಾನಿನ ಸದ್ದಿದ್ದಂತೆ. ನಾಲ್ಕು ದಿನದಲ್ಲಿ ಅವ್ವನ ಸಂಡಿಗೆ ಗರಿಗರಿಯಾಗಿ ಒಣಗಿ ಡಬ್ಬಿ ಸೇರಿತು. ಮಾಸ್ತರರ ನೀರಿನ ಬಟ್ಟಲು ಒಡೆಯಿತು, ಕರಿಬೇವಿನ ಗಿಡ ಬೋಳಾಯಿತು. ಅತಿಥಿಗಳಿಗೆ ಉಪಚಾರ ಚೆನ್ನಾಗಿ ನಡೆಯಲಿ ಎಂದು ನಾನು ಮಾಳಿಗೆಯ ಮೇಲೆ ನಿಂತು ನೋಡಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಐದನೆಯ ದಿನ ಮಧ್ಯಾಹ್ನ ತುಳಸಾಬಾಯಿಯವರು ನಮ್ಮ ಬಾಗಿಲಿಗೆ ಬಂದು ಅವ್ವನ ಎದುರು ನಿಂತರು. “ನಾಕು ದಿನ ಆತು ಹಾಲವ್ವಾ, ಕಾಗಿ ಬರವಲ್ದು. ಗುಬ್ಬಿನೂ ಇಲ್ಲ. ಇವರು ಮೂರು ಗಂಟೆತನಕಾ ಕೂತು, ಸುಮ್ಮನ ಒಂದು ಲೋಟ ಮಜ್ಜಗಿ ಕುಡದು ಏಳ್ತಾರ. ಸಕ್ಕರಿ ರೋಗ, ಗುಳಿಗಿ ನುಂಗ್ಯಾರ. ಇವತ್ತ ಮುಂಜಾನೆ ದೇವರ ಮುಂದ ತಲಿ ತಿರುಗಿ ಕೂತರು. ಹಿರ್ಯಾರು ಮುನಿದಾರ ಅಂತಾರ. ನಿಮ್ಮ ಕಡೆ ಏನರ ಕಾಗಿ ಕಂಡವ ಏನು?”

ಅವ್ವ ನನ್ನ ಕಡೆ ನೋಡಿದಳು. ಎರಡು ನಿಮಿಷಕ್ಕೊಮ್ಮೆ ಒದರುವ ಮೈಕಿನ ಕೆಳಗೆ ಯಾವ ಕಾಗೆ ಕೂಡುತ್ತದೆ? ಹಕ್ಕಿಗಳಿಗೆ ಆ ಗೋಡೆಯ ಮೇಲಿದ್ದ ಹಕ್ಕನ್ನು ನಾನೇ ಕಸಿದಿದ್ದೆ. ಮಾಸ್ತರರ ಮೇಲಿನ ಸಿಟ್ಟು ಹಾಗೆಯೇ ಇತ್ತು, ಈಗ ಅದರ ಪಕ್ಕದಲ್ಲಿ ನನ್ನ ಮೇಲಿನದೂ ಬಂದು ಕುಳಿತಿತು. ಬಡಿದಾಡಬಹುದು, ಮುದುಕನನ್ನು ಉಪವಾಸ ಕೆಡವುವುದು ನನ್ನ ಹಂಚಿಕೆಯಲ್ಲಿರಲಿಲ್ಲ. ಮೈಕು ಬಿಚ್ಚಲು ಮೆಟ್ಟಿಲು ಹತ್ತಿದೆ.

ಗಡವ ನನಗಿಂತ ಮೊದಲೇ ಅಲ್ಲಿತ್ತು. ಹಿಂಡಿನ ದೊಡ್ಡ ಮಂಗ. ಈ ಮಾಸ್ತರನಿಗೆ ಬಾಯಿ ಇದೆ, ಬೆತ್ತವಿಲ್ಲ ಎಂಬುದು ಐದು ದಿನದಲ್ಲಿ ಅದಕ್ಕೆ ತಿಳಿದಿತ್ತು. ದಾರ ಕಚ್ಚಿ ಹರಿದು, ಹಿಡಿಕೆ ಹಿಡಿದು, ನನ್ನತ್ತ ಹಲ್ಲು ಕಿಸಿದು ಹೊರಟಿತು. ಗೋಡೆ, ಹಂಚು, ಬೀದಿಯ ಕಂಬ. ಕೈಯಲ್ಲಿ ಮಾಸ್ತರರು ಒದರುತ್ತಲೇ ಇದ್ದಾರೆ. ಕೆಳಗೆ ಮಾವಿನ ಹಣ್ಣಿನ ಗಾಡಿಯೊಂದಿಗೆ ನಿಂತಿದ್ದ ವಸೀಮ ಅವರ ಹತ್ತು ವರ್ಷದ ಹಿಂದಿನ ವಿದ್ಯಾರ್ಥಿ. ‘ಎಷ್ಟು ಸಲ ಹೇಳಬೇಕು ನಿನಗ’ ಎಂದು ಕೇಳಿದ್ದೇ ತಡ, ಬೀಡಿ ಎಸೆದು ಕೈಕಟ್ಟಿ, “ತಪ್ಪಾತ್ರಿ ಸರ,” ಎಂದ. ಎತ್ತ ತಿರುಗಿ ಹೇಳಬೇಕೆಂದು ಮಾತ್ರ ಅವನಿಗೆ ತಿಳಿಯಲಿಲ್ಲ.

ನಾನು ಮೆಟ್ಟಿಲಿಳಿದು ಬೀದಿಗೆ ಓಡುವಷ್ಟರಲ್ಲಿ ಓಣಿಯೆಲ್ಲ ಹೊರಗೆ ಬಂದಿತ್ತು. ಗದ್ದಲ ಕಂಡು ಮಾಸ್ತರರೂ ಬಂದರು. ಕೈಯಲ್ಲಿ ಬೆತ್ತ, ಜಗಳವಿರಬೇಕೆಂದು ಕಿವಿಯಲ್ಲಿ ಯಂತ್ರ. ಗಡವ ಅವರ ಬಾಗಿಲ ಮೇಲಿನ ಛಜ್ಜಾಕ್ಕೆ ಇಳಿದು, ಮೈಕಿನ ಬಾಯಿಯನ್ನು ಅವರ ನೆತ್ತಿಗೆ ಹಿಡಿದು ಕೂತಿತು.

“ಏ ಶುದ್ಧ ಮಂಗ್ಯಾ,” ಎಂದಿತು ಮೈಕು.

ಮಾಸ್ತರರ ಬೆತ್ತ ಅರ್ಧಕ್ಕೇ ನಿಂತಿತು. ಮೂವತ್ತಾರು ವರ್ಷ ಆ ಧ್ವನಿಯ ಹಿಂದೆ ನಿಂತವರು, ಮುಂದೆ ನಿಂತದ್ದು ಅದೇ ಮೊದಲು. ಪೂರ್ತಿ ಕೇಳಿದರು. ವಸೀಮ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡ, ಅವ್ವ ಸೆರಗಿನಲ್ಲಿ, ಉಳಿದವರು ಮುಚ್ಚಿಕೊಳ್ಳದೆಯೇ ನಕ್ಕರು. ನಗದೆ ಉಳಿದವರು ನಾವಿಬ್ಬರೇ.

“ಧ್ವನಿ ನಂದ,” ಎಂದರು ಮಾಸ್ತರರು ನಿಧಾನಕ್ಕೆ. “ಆದ್ರ ನಾ ಹುಟ್ಟಿದಾಗಿಂದ ‘ನೋಡಾಕತ್ತೇನಿ’ ಅಂದಿಲ್ಲ. ನಾ ಅನ್ನೂದು ‘ನೋಡ್ಲಿಕ್ಕತ್ತೇನಿ.’ ಈ ‘ಆಕತ್ತೇನಿ’ ಮಂಗ್ಯಾ ಯಾವ ಮನೀದು?”

‘ಆಕತ್ತೇನಿ’ ನಮ್ಮ ಮನೆಯ ಮಾತು. ನಾನು ಮುಂದೆ ಬಂದೆ. ಎಲ್ಲ ಹೇಳಿದೆ. ಸಂಡಿಗೆಯದು, ಮೈಕಿನದು, ಕಾಗೆಯದು. ಹೇಳುತ್ತ ಹೇಳುತ್ತ ನನ್ನ ಧ್ವನಿಯೂ ಏರಿತು. ನೀವು ಒಂದು ದಿನ ಅಲ್ಲಿ ನಿಂತು ನೋಡಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎಂದೆ. ಮಾಸ್ತರರ ಕೈ ಕಿವಿಯ ಕಡೆ ಹೋಯಿತು. ಯಂತ್ರ ತೆಗೆಯುತ್ತಾರೆ, ಮುಗಿಯಿತು ಎಂದುಕೊಂಡೆ. ತೆಗೆಯಲಿಲ್ಲ. ಸರಿಯಾಗಿ ಒಳಗೆ ಒತ್ತಿಕೊಂಡರು.

“ಖರೇ ಅದ,” ಎಂದರು. “ಇಲ್ಲೇ ನಿಂತು ನೋಡ್ತೇನಿ ಅಂತ ಮೈಕ್ ಹೇಳ್ತದ. ನಾ ನಿಂತು ನೋಡಿದ್ದು ಯಾವಾಗ?”

“ನಾಚಿಕಿ ಅನ್ನೋದು ಅದ ಏನು?” ಎಂದಿತು ಮೇಲಿನಿಂದ ಮೈಕು.

“ಇಲ್ಲಪಾ,” ಎಂದರು ಮಾಸ್ತರರು, ಕತ್ತೆತ್ತಿ ಮಂಗನಿಗೆ.

“ಹೊರಗ ಹೋಗಿ ನಿಂದ್ರು.”

“ಹೊರಗ ನಿಂತೇನಲ್ಲಪಾ.” ಅಷ್ಟು ಹೇಳುವುದರೊಳಗೆ ಅವರ ಮೂಗಿನಿಂದ ಏನೋ ಹಾರಿತು. ಸೀನು ಎಂದುಕೊಂಡೆ, ನಗು. ಅವರು ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ, ಹೀಗಾಗಿ ಆ ನಗುವಿನ ಅನುಕರಣೆ ಇವತ್ತಿಗೂ ನನಗೆ ಬರುವುದಿಲ್ಲ. ಬೆತ್ತವನ್ನು ನನ್ನತ್ತ ಚಾಚಿ, ನಾಳೆಯಿಂದ ದಿನಾ ಹಕ್ಕಿ ತಿಂದು ಏಳುವ ತನಕ ಗೋಡೆಯ ಆ ಬದಿಗೆ ನೀನು, ಈ ಬದಿಗೆ ನಾನು, ಇಬ್ಬರೂ ಹೊರಗೇ ನಿಲ್ಲಬೇಕು ಎಂದು ಶಿಕ್ಷೆ ವಿಧಿಸಲು ನೋಡಿದರು. ಪ್ರತಿ ಮಾತಿಗೂ ನಗು ಅಡ್ಡ ಬಂದು, ವಾಕ್ಯಕ್ಕೆ ಕ್ರಿಯಾಪದವೇ ಸೇರಲಿಲ್ಲ.

ಮಂಗ, ಮೈಕು, ಜನ ಎಲ್ಲ ಬೀದಿಗೆ ಬಂದಿದ್ದರಿಂದ ಹಿತ್ತಲು ಬಿಕೋ ಎನ್ನುತ್ತಿತ್ತು. ಆಗಲೇ ಮನೆಗೆ ಮರಳಿ ಹಿತ್ತಲ ಬಾಗಿಲಿನಲ್ಲಿ ಕಾಯುತ್ತಿದ್ದ ತುಳಸಾಬಾಯಿಯವರ ಧ್ವನಿ ಒಳಗಿನಿಂದ ಕೇಳಿತು. “ಏನ್ರಿ, ಕಾಗಿ ಮುಟ್ಯದ. ಊಟಕ್ಕ ಬರ್ರಿ.”

ಯಂತ್ರವಿದ್ದರೂ ಮಾಸ್ತರರಿಗೆ ಅದು ಕೇಳಲಿಲ್ಲ. ಓಣಿಯವರೆಲ್ಲ ನಕ್ಕು ಸಾಕಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಬಾಗಿಲ ಚೌಕಟ್ಟು ಹಿಡಿದು, ಹೊಟ್ಟೆ ಒತ್ತಿಕೊಂಡು, ಮೈಕಿಗಿಂತ ಜೋರಾಗಿ ನಗುತ್ತಲೇ ಇದ್ದರು.