ಒಗೆಯುವ ಕಲ್ಲಿನ ಕೆಳಮೈ

ಮೂರು ವರ್ಷಕ್ಕೆ ಡಿಗ್ರಿ ಮುಗಿಸಿ ಜೊತೆಯವರೆಲ್ಲ ಬಿ.ಎಡ್., ಪೊಲೀಸ್ ಭರ್ತಿ ಎಂದು ಚದುರಿಹೋದರು. ಸುಮಂಗಲಾ ಒಬ್ಬಳೇ ಇತಿಹಾಸದ ಆನರ್ಸ್ ವರ್ಷಕ್ಕೆಂದು ಕೊಪ್ಪಳದಲ್ಲಿ ಉಳಿದಳು. ಆನರ್ಸ್ ಸಿಗಬೇಕೆಂದರೆ ಸ್ವಂತ ಹುಡುಕಾಟದ ಒಂದು ಪ್ರಬಂಧ ಬರೆಯಬೇಕು. ಅದು ಪಾಸಾಗದಿದ್ದರೆ ವರ್ಷವೇ ದಂಡ. ಅವಳ ಹುಡುಕಾಟ ಶುರುವಾದದ್ದು ಬೆರಳ ತುದಿಯಿಂದ.

ಪ್ರಭುರಾಜ ಸರ್ ಪರದೆಯ ಮೇಲೆ ವೀರಗಲ್ಲು, ಮಾಸ್ತಿಕಲ್ಲುಗಳ ಚಿತ್ರ ತೋರಿಸುತ್ತಿದ್ದಾಗ ಅವಳಿಗೆ ಊರಿನ ಕಾಲುವೆ ನೆನಪಾಯಿತು. ಮರಳಿ ಎಂಬ ಹಳ್ಳಿ ದಾಟಿದರೆ ಅವರ ಊರು. ಅವರ ಓಣಿಯ ಹೆಂಗಸರು ಬಟ್ಟೆ ಒಗೆಯುವ ಚಪ್ಪಡಿಯೊಂದು ಕಾಲುವೆಯ ಅಂಚಿನಲ್ಲಿ ಎರಡು ಗುಂಡುಕಲ್ಲುಗಳ ಮೇಲೆ ಮಲಗಿದೆ. ಚಿಕ್ಕವಳಿದ್ದಾಗ ಅದರಡಿ ಮುಳುಗಿ ಆಡುವಾಗ ಕೈಗೆ ಏನೋ ಉಬ್ಬು ತಗುಲುತ್ತಿತ್ತು. ಆಗ ಅದು ಬರೀ ಉಬ್ಬು. ಈಗ ಅದು ನಿದ್ದೆ ಕೆಡಿಸುವ ಪ್ರಶ್ನೆ.

ಅವಳು ಹೇಳಿದ್ದನ್ನು ಕೇಳಿ ಸರ್ ಕುರ್ಚಿಯಿಂದ ಅರ್ಧ ಎದ್ದರು. ಇದುವರೆಗೆ ಯಾರೂ ನೋಡದ ಕಲ್ಲಾಗಿದ್ದರೆ ಪ್ರಬಂಧ ಅಲ್ಲಿಗೇ ಗೆದ್ದಂತೆ ಎಂದರು. ಆದರೆ ಅದನ್ನು ತಿರುವಿಸಬೇಕು, ಫೋಟೊ ಬೇಕು. ಫೋಟೊ ಇಲ್ಲದ್ದು ಕಥೆಯಾಗುತ್ತದೆಯೇ ಹೊರತು ಇತಿಹಾಸವಾಗುವುದಿಲ್ಲ. ಜೆಸಿಬಿ ತಂದರೆ ಐದು ನಿಮಿಷದ ಕೆಲಸ ಎಂದೂ ಸೇರಿಸಿದರು.

ಬೇಸಿಗೆಯಲ್ಲಿ ಭತ್ತದ ಎರಡನೇ ಬೆಳೆ ಮುಗಿದು ಕಾಲುವೆಗೆ ನೀರು ನಿಲ್ಲಿಸಿದ ಮೇಲೆ ಸುಮಂಗಲಾ ಊರಿಗೆ ಬಂದಳು. ತಳದ ಗುಂಡಿಯಲ್ಲಿ ಉಳಿದ ನೀರನ್ನೇ ಮೊಗೆದುಕೊಂಡು ಹೆಂಗಸರು ಒಗೆಯುತ್ತಿದ್ದರು. ವಿಷಯ ಕೇಳಿ ನಕ್ಕರು.

"ನಾಕು ವರ್ಷ ಓದಿ ಕಡೀಕ ನಮ್ಮ ಒಗಿಯೋ ಕಲ್ಲಿಗೇ ಬಂದೇನಬೇ?"

ನಗದೆ ಇದ್ದವಳು ಅವಳ ದೊಡ್ಡವ್ವ ಹೊಳಿಯಮ್ಮ. ಸೀರೆ ಹಿಂಡುವುದನ್ನು ನಿಲ್ಲಿಸದೆ ಹೇಳಿದಳು: "ತಿರುವಿ ಹಾಕಿದ್ರ ಅದು ದೇವರಾಗ್ತೈತಿ. ಅದು ದೇವರಾತಂದ್ರ ನಾವು ಹೊರಗಾದ್ವಿ."

ಅವಳು ಯಾವುದನ್ನು ನೆನೆದು ಹೇಳಿದಳೆಂದು ಎಲ್ಲರಿಗೂ ಗೊತ್ತಿತ್ತು. ಬೇವಿನ ಗಿಡದ ಬುಡದಲ್ಲಿ ಇನ್ನೊಂದು ಕಲ್ಲಿತ್ತು. ಗದ್ದೆಯಿಂದ ಬಂದವರು ಅದರ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದರು, ಕೂಸುಗಳನ್ನು ಮಲಗಿಸುತ್ತಿದ್ದರು. ಪಟ್ಟಣದಿಂದ ಯಾರೋ ಬಂದು ಅದು ವೀರಗಲ್ಲು ಎಂದರು. ವರ್ಷ ತುಂಬುವುದರೊಳಗೆ ಊರ ಹಿರಿಯರು ಗುಡಿ ಕಟ್ಟಿಸಿದರು, ಗೇಟು ನಿಲ್ಲಿಸಿದರು, ಬೀಗ ಹಾಕಿದರು. ಗಾರೆ ಕಲಸಿದ್ದು ಈ ಓಣಿಯವರೇ. ಗಾರೆ ಒಣಗಿದ ದಿನದಿಂದ ಅವರು ಗೇಟಿನ ಹೊರಗೆ. ತಲೆಮಾರುಗಟ್ಟಲೆ ಅವರ ಬೆವರು ಕುಡಿದ ಕಲ್ಲಿಗೆ ಒಮ್ಮೆಲೇ ಅವರ ಕೈ ಮೈಲಿಗೆಯಾಯಿತು. ಇತಿಹಾಸ ಈ ಓಣಿಗೆ ಬಂದದ್ದು ಅದೊಂದೇ ಸಲ. ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ.

ಸುಮಂಗಲಾ ದಂಡೆಯ ಮೇಲೆ ಕುಳಿತಳು. ಮತ್ತೆ ಮತ್ತೆ ಕಲ್ಲಿನ ಕಡೆ ನೋಡಿದಳು. ಅವಳ ಕಣ್ಣು ಹೋದ ಕಡೆಗೇ ಹೆಂಗಸರ ಕಣ್ಣೂ ಹೋಗುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅದರ ಮೇಲೆ ಒಗೆದಿದ್ದಾರೆ. ಕೆಳಗೇನಿದೆಯೆಂದು ಅವರಿಗೂ ತಿಳಿಯದು. ಕೊನೆಗೆ ಹೊಳಿಯಮ್ಮನೇ ಬಂದು ಅವಳ ಮೊಬೈಲು ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೈ ಒಳಗ ಹೋಗ್ಲಿ. ಇದು ಬ್ಯಾಡ."

ಸುಮಂಗಲಾ ಕೆಸರಿನಲ್ಲಿ ಅಂಗಾತ ಮಲಗಿ ಭುಜದವರೆಗೆ ಕೈ ತೂರಿಸಿದಳು. ಚೇಳಿದ್ದರೆ ಮೊದಲು ಅದರ ಚರಿತ್ರೆ ಬರಿ ಎಂದು ಯಾರೋ ಛೇಡಿಸಿದರು. ಪಾಚಿ ಕೈಗೆ ಜಾರಿತು. ಪಾಚಿಯಾಚೆ ಒಂದು ಅಂಗೈ. ಬಿಡಿಸಿದ ಬೆರಳುಗಳು. ಮಣಿಕಟ್ಟಿನಿಂದ ಕೆಳಕ್ಕೆ ಒಂದರ ಹಿಂದೊಂದು ಗೆರೆಗಳು, ಮೊಣಕೈಯವರೆಗೆ.

"ಹೆಣ್ಮಗಳ ಕೈ ಐತಿ ದೊಡ್ಡವ್ವ. ಕೈತುಂಬ ಬಳಿ." ಗಂಡನ ಚಿತೆಯಲ್ಲಿ ಸುಟ್ಟ ಹೆಂಗಸಿಗೆ ಹೀಗೆ ಕೈಯೆತ್ತಿದ ಮಾಸ್ತಿಕಲ್ಲು ನಿಲ್ಲಿಸುತ್ತಿದ್ದರೆಂದು ಮಲಗಿದಲ್ಲಿಂದಲೇ ಹೇಳಿದಳು.

ನಗು ನಿಂತಿತು. ಹೊಳಿಯಮ್ಮ ತನ್ನ ಬರಿದಾದ ಮುಂಗೈಯನ್ನು ಒಮ್ಮೆ ನೋಡಿಕೊಂಡಳು. ಅವಳ ಗಂಡ ಸತ್ತು ಬಹಳ ವರ್ಷವಾಗಿತ್ತು.

"ಅಕಿ ಬಳಿ ಉಳಿಸಿ ಅಕಿನ್ನ ಸುಟ್ರು. ನನ್ನ ಉಳಿಸಿ ನನ್ನ ಬಳಿ ಒಡದ್ರು."

ಅಷ್ಟು ಹೇಳಿ ಸೀರೆ ಎತ್ತಿ ಕಟ್ಟಿ, ಅವಳೂ ಕೆಸರಿಗಿಳಿದು ಮಲಗಿದಳು. ಕೈ ಒಳಗೆ ಹೋಯಿತು. ಬಹಳ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಕೆಸರಾದ ಸೀರೆಗಳನ್ನು ಅದೇ ಕಲ್ಲಿನ ಮೇಲೆ ಮತ್ತೆ ಒಗೆದರು, ಆದರೆ ಆ ದಿನ ಬಟ್ಟೆ ಬಡಿಯುವ ಸಪ್ಪಳ ಬರಲಿಲ್ಲ.

ಹೊರಡುವಾಗ ಹೊಳಿಯಮ್ಮ ಮೊಬೈಲು ವಾಪಸು ಕೊಟ್ಟಳು. ಏನು ಬರೆಯುತ್ತೀ ಎಂದು ಕೇಳಲಿಲ್ಲ. ಕಲ್ಲು ಅಲ್ಲೇ ಇತ್ತು, ಮೊಬೈಲು ಕೈಯಲ್ಲಿತ್ತು, ಕಾಲುವೆ ಒಣಗಿತ್ತು. ಸುಮಂಗಲಾ ಬೇವಿನ ಗಿಡದ ಕಡೆ ನಡೆದು ಗೇಟಿನ ಫೋಟೊ ತೆಗೆದಳು.

ಆ ಬೇಸಿಗೆಯಿಡೀ ಅವಳು ಗೇಟಿನ ಬಗ್ಗೆಯೇ ಕೇಳುತ್ತ ತಿರುಗಿದಳು. ಅಲ್ಲಿ ಯಾರು ಕೂರುತ್ತಿದ್ದರು, ಯಾರು ಎಬ್ಬಿಸಿದರು, ಗಾರೆ ಕಲಸಿದವರು ಯಾರು, ಬೀಗದ ಕೈ ಯಾರ ಮನೆಯಲ್ಲಿದೆ. ಓಣಿಯವರು ಹೆಸರು ಹೇಳಿಯೇ ಮಾತಾಡಿದರು. ಅವಳು ಹೆಸರು ಹಾಕಿಯೇ ಬರೆದಳು.

ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರು. ಅದರ ಮರುವಾರ ಅವಳು ಪ್ರಬಂಧವನ್ನು ಪ್ರಭುರಾಜ ಸರ್ ಮೇಜಿನ ಮೇಲಿಟ್ಟಳು. ಅವರು ಪೂರ್ತಿ ಓದಿದರು. ಕೆಲವು ಪುಟಗಳಲ್ಲಿ ಕೆಮ್ಮಿದರು. ಇದಕ್ಕೆ ಜಗಳವಾಗುತ್ತದೆ ಎಂದರು. ಆಗಲಿ ಸರ್ ಎಂದಳು. ನೀನು ಹೇಳಿದ್ದ ಆ ಇನ್ನೊಂದು ಕಲ್ಲು ಇದರಲ್ಲಿ ಇಲ್ಲವಲ್ಲ ಎಂದರು.

"ಅದು ನೀರಾಗ ಐತ್ರಿ ಸರ್."

ಅವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಪೆನ್ನಿನ ಮುಚ್ಚಳ ಬಿಚ್ಚಿದರು, ಹಾಕಿದರು, ಮತ್ತೆ ಬಿಚ್ಚಿ ಸಹಿ ಹಾಕಿದರು. ಪಾಠದ ಕನ್ನಡ ಬಿಟ್ಟು ತಗ್ಗಿದ ದನಿಯಲ್ಲಿ ಕೇಳಿದರು: "ನಾ ಯಾರಿಗೂ ಹೇಳಂಗಿಲ್ಲ. ಕೆಳಗ ಏನಿತ್ತವಾ?"

ಸುಮಂಗಲಾ ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡಳು. ತರಗತಿಯಲ್ಲಿ ಪ್ರಶ್ನೆ ಕೇಳುವಾಗ ಎತ್ತುತ್ತಿದ್ದಂತೆ ಬಲಗೈ ಎತ್ತಿದಳು, ಮೊಣಕೈ ಮಡಿಸಿ, ಅಂಗೈ ಬಿಡಿಸಿ. ಸರ್ ಆ ಕೈಯನ್ನು ನೋಡುತ್ತಲೇ ಇದ್ದರು.