ಏಳು ನಿಮಿಷ ಮುಂದಿದ್ದ ಫೋನು

ನಮ್ಮೂರಿನ ಜೇನು ಸಂಘದಲ್ಲಿ ಕೈ ಎತ್ತಿಸಿ ಮತ ಎಣಿಸುವ ಪದ್ಧತಿ ನಿಂತು ಮೂರು ವರ್ಷವಾಗಿತ್ತು. ನಿಂತದ್ದೇ ಒಳ್ಳೆಯದಾಯಿತು. ಹಿಂದಿನ ಅಧ್ಯಕ್ಷರು ತಮಗೆ ಬೇಕಾದವರ ಕೈಯನ್ನು ಎರಡೆರಡು ಸಲ ಎಣಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಿಯೂ ಇದ್ದೇನೆ. ಮೂವತ್ತೆಂಟು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳ ಎದುರಿಗೇ ತಪ್ಪು ಎಣಿಸುವುದೆಂದರೆ ಅದೆಂಥ ಧೈರ್ಯ!

ಈಗ ಪ್ರತಿ ಸದಸ್ಯರ ಫೋನಿನಲ್ಲೂ ಒಂದು ಕ್ರಿಪ್ಟೋ ವಾಲೆಟ್ ಇದೆ. ಅದರೊಳಗೆ ಅವರವರದೇ ಆದ ಒಂದು ಗುಟ್ಟಿನ ಕೀಲಿ. ವಾಲೆಟ್ಟನ್ನು ಸಂಘದ ಜಾಲತಾಣಕ್ಕೆ ಜೋಡಿಸಿ ಆ ಕೀಲಿಯಿಂದ ಸಹಿ ಹಾಕಿದರೆ ಮತ ದಾಖಲಾಗುತ್ತದೆ. ಆ ಶನಿವಾರ ಮತಕ್ಕೆ ಬಂದಿದ್ದದ್ದು ಹಳೆಯ ರೈಲು ನಿಲ್ದಾಣದ ಪಕ್ಕದ ನಾಲ್ಕು ಲಿಪಾ ಮರಗಳ, ಜೇನುಹುಳುಗಳು ಮುತ್ತುವ ಹೂವಿನ ಮರಗಳ, ಹಣೆಬರಹ. ಅವನ್ನು ಕಡಿದು ಪ್ರವಾಸಿಗರ ವಾಹನಗಳಿಗೆ ಜಾಗ ಮಾಡಬೇಕೆಂಬುದು ಪ್ರಸ್ತಾವ. ತಡೆಯಲು ಮೂವತ್ತು ವಿರೋಧ ಮತ ಬೇಕಿತ್ತು. ಇಪ್ಪತ್ತೊಂಬತ್ತು ಬಿದ್ದಿದ್ದವು. ಮಧ್ಯಾಹ್ನ ಹನ್ನೆರಡಕ್ಕೆ ಮತದಾನ ಮುಗಿಯುವುದಿತ್ತು. ಇನ್ನೂ ಮತ ಹಾಕದೆ ಉಳಿದಿದ್ದವರು ಸಿಲ್ವೋ ಕೋಬಾಲ್ ಒಬ್ಬರೇ.

ಸಿಲ್ವೋ ಅದೇ ನಿಲ್ದಾಣದಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು. ಆ ನಾಲ್ಕು ಸಸಿಗಳನ್ನು ನೆಟ್ಟವರೂ ಅವರೇ. ಈಗ ಜೂನ್ ಬಂತೆಂದರೆ ಅವರ ಹನ್ನೊಂದು ಪೆಟ್ಟಿಗೆಗಳ ಹುಳುಗಳೆಲ್ಲ ಆ ಹೂವಿನ ಮೇಲೇ ಇರುತ್ತವೆ. ಗ್ರಂಥಾಲಯದಲ್ಲಿ ಹಿರಿಯರಿಗೆ ಫೋನು ಬಳಸಲು ಕಲಿಸುವವಳು ನಾನಾದ್ದರಿಂದ ಬೆಳಿಗ್ಗೆಯೇ ನನಗೆ ಹೇಳಿಕಳಿಸಿದ್ದರು.

"ಬನ್ನಿ ವಿದಾ ಟೀಚರ್," ಎಂದರು ಬಾಗಿಲಲ್ಲೇ. "ಈ ಕಂಪ್ಯೂಟರಿಗೂ ಈ ಫೋನಿಗೂ ಮಾತು ಬಿಟ್ಟೋಗಿದೆ. ಮೂರು ದಿನದಿಂದ ಮುಖ ತಿರುಗಿಸ್ಕೊಂಡು ಕೂತಿವೆ."

"ಮೂರು ದಿನದಿಂದ ಗೊತ್ತಿದ್ದೂ ಇವತ್ತು ಕರೀತೀರಲ್ಲ, ನಾಚಿಕೆ ಆಗಲ್ವಾ?"

"ಆಗುತ್ತೆ. ಅದಕ್ಕೇ ಬೆಣ್ಣೆ ರೊಟ್ಟಿಗೆ ಜೇನು ಸವರಿಟ್ಟಿದೀನಿ. ಬೈಯೋದನ್ನ ಆಮೇಲೆ ಇಟ್ಕೊಳ್ಳಿ."

ಅಡುಗೆಮನೆಯ ಮೇಜಿನ ಮುಂದೆ ಕೂತೆ. ಜಾಲತಾಣ ತೋರಿಸುತ್ತಿದ್ದ ಕ್ಯೂಆರ್ ಚೌಕವನ್ನು ಅವರು ಬರಿಯ ಕ್ಯಾಮೆರಾದಿಂದ ಹಿಡಿಯುತ್ತಿದ್ದರು. ಹಾಗಲ್ಲ, ವಾಲೆಟ್ ತೆರೆದು ಅದರೊಳಗಿನಿಂದಲೇ ಹಿಡಿಯಬೇಕೆಂದು ತೋರಿಸಿದೆ. ಪರದೆಯ ಮೇಲಿನ ಚಕ್ರ ತಿರುಗಿತು, ತಿರುಗಿತು, ಜೋಡಣೆಯಾಗದೆ ನಿಂತಿತು. ವಾಲೆಟ್ಟಿನಲ್ಲಿ ಹಿಂದೆಂದೋ ಮಾಡಿ ಮರೆತ ಹತ್ತೊಂಬತ್ತು ಜೋಡಣೆಗಳು ಸತ್ತು ಬಿದ್ದಿದ್ದವು, ಒಂದೊಂದಾಗಿ ಅಳಿಸಿದೆ. ಬ್ಯಾಟರಿ ಉಳಿಸುವ ಗುಂಡಿ ಆರಿಸಿದೆ. ಮನೆಯ ವೈಫೈ ಬಿಟ್ಟು ಮೊಬೈಲ್ ಇಂಟರ್ನೆಟ್ಟಿಗೆ ಬಂದೆ. ವಾಲೆಟ್ಟಿನ ಹೊಸ ಆವೃತ್ತಿ ಹಾಕಿದೆ. ಪ್ರತಿ ಸಲವೂ ಚಕ್ರ ತಿರುಗಿ ನಿಲ್ಲುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ.

ನಾನು ಕಂಪ್ಯೂಟರಿನ ಕಡೆ ತಿರುಗಿದ್ದಾಗ ಸಿಲ್ವೋ ಫೋನಿನಲ್ಲಿ ಯಾವುದೋ 'ಸಹಾಯ ಕೇಂದ್ರ'ವನ್ನು ಹುಡುಕಿಕೊಂಡಿದ್ದರು. ಅಲ್ಲಿ ಯಾರೋ ಬಹಳ ವಿನಯದಿಂದ ಬರೆಯುತ್ತಿದ್ದರು: ನಿಮ್ಮ ಹನ್ನೆರಡು ಗುಟ್ಟಿನ ಪದಗಳನ್ನು ಇಲ್ಲಿ ತುಂಬಿ, ಈ ಕ್ಷಣವೇ ಸರಿಪಡಿಸುತ್ತೇವೆ. ಸಿಲ್ವೋ ಮೊದಲ ಪದವನ್ನು ಆಗಲೇ ಬರೆದಿದ್ದರು.

ಫೋನು ಕಸಿದುಕೊಂಡೆ. "ಏನು ಮಾಡ್ತಿದೀರಾ? ಆ ಹನ್ನೆರಡು ಪದ ಅಂದ್ರೆ ನಿಮ್ಮ ಕೀಲಿಯೇ. ಅವು ಸಿಕ್ಕರೆ ಅವನೇ ಸಿಲ್ವೋ ಕೋಬಾಲ್! ನಿಮ್ಮ ಹೆಸರಲ್ಲಿ ಅವನು ಸಹಿ ಹಾಕ್ತಾನೆ. ಮರ ಕಡೀರಿ ಅಂತ ಬೇಕಾದ್ರೂ ಹಾಕ್ತಾನೆ!"

"ಪಾಪ, ಎಷ್ಟು ಮರ್ಯಾದೆಯಿಂದ ಕೇಳ್ದ…"

"ಕಳ್ಳ ಮರ್ಯಾದೆಯಿಂದ ಕೇಳದೆ ಬೈದು ಕೇಳ್ತಾನಾ?"

ದಾರಿ ಕಾಣದೆ ನಿಂತ ಮನುಷ್ಯನ ಪಕ್ಕದಲ್ಲೇ ಬಂದು ಕಾಯುವ ಈ ಜಾತಿಯ ಕಳ್ಳತನಕ್ಕೆ ಯಾವ ಭಾಷೆಯಲ್ಲೂ ಕ್ಷಮೆ ಇರಬಾರದು. ಬರೆದಿದ್ದ ಪದವನ್ನು ಅಳಿಸಿ ಆ ಪುಟವನ್ನು ಮುಚ್ಚಿದೆ. ಮತ್ತೆರಡು ಸಲ ಜೋಡಿಸಿ ನೋಡಿದೆ. ಅಷ್ಟರಲ್ಲಿ ಗೋಡೆಯ ಗಡಿಯಾರ ಹನ್ನೆರಡು ಹೊಡೆಯಿತು.

ಸಿಲ್ವೋ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. "ಮುಗೀತು ಟೀಚರ್. ನೆಟ್ಟವನೇ ಉಳಿಸ್ಕೊಳ್ಳಲಿಲ್ಲ."

ನಾನು ಕಿಟಕಿಯ ಕಡೆ ತಿರುಗಿದೆ. ಇಡೀ ಕಣಿವೆ ಸುಮ್ಮನಿತ್ತು. ಆ ಮೌನದಲ್ಲಿ ಏನೋ ಸರಿಯಿಲ್ಲವೆನಿಸಿತು.

"ಸಿಲ್ವೋ, ಚರ್ಚಿನ ಗಂಟೆ ಯಾಕೆ ಹೊಡೀಲಿಲ್ಲ?"

"ಅದು ಹೊಡಿಯೋಕೆ ಇನ್ನೂ ಏಳು ನಿಮಿಷ ಇದೆ," ಎಂದರು ಅವರು, ಜಗತ್ತಿನಲ್ಲಿ ಇದಕ್ಕಿಂತ ಸಹಜವಾದದ್ದು ಇಲ್ಲವೆಂಬಂತೆ. "ನಮ್ಮನೇಲಿ ಎಲ್ಲಾ ಗಡಿಯಾರನೂ ಏಳು ನಿಮಿಷ ಮುಂದೆ. ರೈಲಿನವನು ಹಾಗೇ ಇಡಬೇಕು. ನಲವತ್ತು ವರ್ಷ ಒಂದಿನಾನೂ ತಡ ಮಾಡಿಲ್ಲ. ಈಗ ನನಗೆ ಇದೇ ಟೈಮು."

"ಫೋನು?"

"ಅದೂನೂ. ಅದೊಂದು ಬಾಕಿ ಇತ್ತು, ಮೂರು ದಿನದ ಹಿಂದೆ ಅದನ್ನೂ ತಿರುಗಿಸಿಟ್ಟೆ."

ನಾನು ಕೂತಲ್ಲಿಂದ ಎದ್ದೇಬಿಟ್ಟೆ. "ಅಯ್ಯೋ ಮಹರಾಯರೇ! ವಾಲೆಟ್ಟು ಕಳಿಸೋ ಪ್ರತಿ ಪತ್ರದ ಮೇಲೂ ಹೊತ್ತು ಬರೆದಿರುತ್ತೆ. ಇನ್ನೂ ಬಾರದ ಹೊತ್ತು ಹಾಕಿರೋ ಪತ್ರನ ಆ ಕಡೆಯವರು ನಂಬ್ತಾರಾ? ವಾಪಸ್ ಎಸೀತಾರೆ!"

"ಏಳೇ ನಿಮಿಷಕ್ಕಾ?"

"ಏಳೇ ನಿಮಿಷಕ್ಕೆ."

ಅವರ ಬೆರಳು ಫೋನಿನ ಮೇಲೆ ಹೋಗಿ ನಿಂತಿತು. ಆ ಏಳು ನಿಮಿಷ ಅವರ ಜೀವಮಾನದ ಮರ್ಯಾದೆಯಾಗಿತ್ತೆಂದು ನನಗೆ ಅರ್ಥವಾಯಿತು. ಆದರೂ ಕರುಣೆಗೆ ಅದು ಹೊತ್ತಲ್ಲ.

"ಒಳ್ಳೆಯದಕ್ಕೆ ಹೇಳಿದ್ರೂ ಸುಳ್ಳು ಸುಳ್ಳೇ," ಎಂದೆ. "ತಿರುಗಿಸಿ."

"ನಿಮ್ಮ ಕ್ಲಾಸಲ್ಲಿ ಓದಿದ ಮಕ್ಕಳು ಪಾಪ," ಎನ್ನುತ್ತಲೇ ಅವರು ಫೋನಿನ ಗಡಿಯಾರವನ್ನು ತಾನಾಗಿಯೇ ಸರಿಹೊಂದುವಂತೆ ಬಿಟ್ಟರು. ಅಂಕಿಗಳು ಹಿಂದಕ್ಕೆ ಜಾರಿದವು: ಹನ್ನೊಂದು ಐವತ್ತೈದು. ಮತ್ತೆ ಚೌಕ ಹಿಡಿದೆವು. ಚಕ್ರ ತಿರುಗಲೇ ಇಲ್ಲ; ಕಣ್ಣು ಮಿಟುಕಿಸುವುದರೊಳಗೆ ಜೋಡಣೆಯಾಯಿತು. 'ಬೇಡ' ಎಂಬುದನ್ನು ಒತ್ತಿ ಸಿಲ್ವೋ ಸಹಿ ಹಾಕಿದರು. ಇಪ್ಪತ್ತೊಂಬತ್ತು ಇದ್ದದ್ದು ಮೂವತ್ತಾಯಿತು.

ಸಿಲ್ವೋ ಆ ಅಂಕಿಯನ್ನು ಬೆರಳಿಂದ ಮುಟ್ಟಿ ನೋಡಿದರು.

"ನನ್ನ ಗುಟ್ಟಿನ ಪದ ಈಗ ಅವರ ಹತ್ರ ಹೋಯ್ತಾ?"

"ಇಲ್ಲ. ಕೀಲಿ ನಿಮ್ಮ ಫೋನು ಬಿಟ್ಟು ಕದಲಿಲ್ಲ. ಹೋದದ್ದು ಸಹಿ ಒಂದೇ. ಆದರೂ ಇದು ಸಿಲ್ವೋದೇ ಸಹಿ ಅಂತ ಲೋಕದಲ್ಲಿ ಯಾರು ಬೇಕಾದ್ರೂ ತಾಳೆ ನೋಡಬಹುದು. ಇನ್ನೊಬ್ಬರು ಹಾಕೋಕಾಗಲ್ಲ. ಅಧ್ಯಕ್ಷರಿಗೂ ಆಗಲ್ಲ."

"ಏನೂ ಬಿಟ್ಟುಕೊಡದೆ ನಾನೇ ಅಂತ ತೋರಿಸ್ಕೊಟ್ಟೆ," ಎಂದರು ಅವರು ಮೆಲ್ಲಗೆ, ಫೋನನ್ನು ಎರಡೂ ಕೈಯಲ್ಲಿ ಹಿಡಿದು.

ಕೈಗಳನ್ನು ಎರಡು ಸಲ ಎಣಿಸಿದರೂ ಸುಮ್ಮನಿದ್ದ ಊರು ನಮ್ಮದು. ನಾನು ಎದ್ದು ಹೇಳಿದ ದಿನ ಕೆಮ್ಮಿದವರಿದ್ದರು, ನಕ್ಕವರಿದ್ದರು, ನಿಜವೆಂದವರು ಒಬ್ಬರೂ ಇರಲಿಲ್ಲ. ಮುಖವಿಲ್ಲದ ಈ ಯಂತ್ರವಾದರೋ, ಒಬ್ಬ ಒಳ್ಳೆಯ ಮನುಷ್ಯನ ಏಳು ನಿಮಿಷದ ಸುಳ್ಳಿಗೂ ತಲೆಯಾಡಿಸಲಿಲ್ಲ. ನಿಜ ಹೇಳಿದ ಮರುಗಳಿಗೆಯೇ ಬಾಗಿಲು ತೆರೆಯಿತು. ತರಗತಿಯಲ್ಲಿ ಮೂವತ್ತೆಂಟು ವರ್ಷ ನಾನು ಹುಡುಕಿದ ವಿದ್ಯಾರ್ಥಿ ಇದೇ ಇರಬೇಕು.

ಆಗ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಸಿಲ್ವೋ ಟೋಪಿ ಹಾಕಿಕೊಂಡು ಎದ್ದರು. ಗೋಡೆಯ ಗಡಿಯಾರದ ಮುಳ್ಳಿಗೆ ಕೈ ಹಾಕಿದವರು ಒಂದು ಕ್ಷಣ ತಡೆದು, ಕೈ ಹಿಂತೆಗೆದುಕೊಂಡರು.

"ಫೋನಿನ ಹಾಗೆ ಇದು ಯಾರಿಗೂ ಪತ್ರ ಬರಿಯಲ್ಲ ಟೀಚರ್. ಹಾಗೇ ಇರಲಿ. ಬನ್ನಿ, ಮರ ನೋಡ್ಕೊಂಡು ಬರೋಣ."