ಐದು ಟ್ಯಾಕ್ಸಿಗಳಲ್ಲಿ ಒಬ್ಬ ಪ್ರಯಾಣಿಕ

ಟ್ಯಾಕ್ಸಿ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಗಂಡ ಬದುಕಿದ್ದಾಗ ಅಲ್ಲಿನವರಿಗೆಲ್ಲ ಅಣ್ಣನಾಗಿದ್ದ. ಅವನು ಹೋದ ಮೇಲೆ ಅವನ ಕಾರೂ ಆ ಸಂಬಂಧವೂ ಒಟ್ಟಿಗೇ ಇವಳ ಪಾಲಿಗೆ ಬಂದವು. ನಲವತ್ತೇಳನೇ ವಯಸ್ಸಿನಲ್ಲಿ ಸ್ಟೇರಿಂಗ್ ಹಿಡಿದವಳು. ಮೊದಮೊದಲು ಕಾರನ್ನು ಹಿಂದಕ್ಕೆ ತೆಗೆಯುವಾಗ ಗಂಡಸರೆಲ್ಲ ಜಾಗ ಖಾಲಿ ಮಾಡಿ ಗೋಡೆಗೆ ಆತುಕೊಳ್ಳುತ್ತಿದ್ದರು. ನಾಲ್ಕು ವರ್ಷದಲ್ಲಿ ಆ ತಮಾಷೆಯೂ ಹಳಸಿತ್ತು.

ಅವಳಿಗೆ ಒಂದು ಅಭ್ಯಾಸವಿತ್ತು. ಪ್ರತಿ ಬಾಡಿಗೆಯನ್ನೂ ನೋಟುಪುಸ್ತಕದಲ್ಲಿ ಬರೆದಿಡುವುದು: ಎಲ್ಲಿಂದ, ಎಲ್ಲಿಗೆ, ಎಷ್ಟು ಗಂಟೆಗೆ. ಉಳಿದವರ ಪುಸ್ತಕವೆಲ್ಲ ತಲೆಯೊಳಗೇ ಇತ್ತು.

ರೋಗ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ನಿಲ್ದಾಣವೂ ಮುಚ್ಚಿತು. ಕೂಲಿಯವರಿಗೆ ಕೂಲಿಯಿಲ್ಲ, ನೌಕರರಿಗೆ ಅರ್ಧ ಸಂಬಳವಾದರೂ ಇತ್ತು. ತಮಗೆ ತಾವೇ ಧಣಿಗಳಾದ ಟ್ಯಾಕ್ಸಿಯವರು ಯಾರನ್ನು ಕೇಳಬೇಕು? ಐದನೇ ದಿನ ಸರ್ಕಾರವೇ ಮಾತಾಡಿತು. ಸ್ವಂತ ದುಡಿಮೆಯ ಟ್ಯಾಕ್ಸಿ ಚಾಲಕರಿಗೆ ಮೂರು ತಿಂಗಳು ನೆರವು. ಅರ್ಜಿ ಒಂದೇ ಪುಟ. ಆದರೆ ನಿಜವಾಗಿ ಓಡಿಸುತ್ತಿದ್ದವರು ಎನ್ನುವುದಕ್ಕೆ ಪುರಾವೆ ಬೇಕು: ಊರು ಮುಚ್ಚುವುದಕ್ಕೆ ಮುಂಚಿನ ಹದಿನಾಲ್ಕು ದಿನದ ಓಡಾಟದ ಪಟ್ಟಿ.

ಅವತ್ತು ಸಂಜೆಯೇ ಮೈದುನ ಮಹಡಿಯಿಂದ ಇಳಿದು ಬಂದ. ಅವನೂ ಟ್ಯಾಕ್ಸಿಯವನೇ, ಹೆಂಡತಿಯ ಜೊತೆ ಅದೇ ಮನೆಯ ಮೇಲಿನ ಎರಡು ಕೋಣೆಗಳಲ್ಲಿದ್ದ. ಕೆಳಗೆ ಇವಳೂ ಹಾಸಿಗೆ ಹಿಡಿದ ಅತ್ತೆಯೂ.

"ಅತ್ತಿಗೆ, ನಿನ್ನ ಪುಸ್ತಕ ಒಂದ್ ದಿನ ಕೊಡು."

"ಯಾಕೆ, ಓದಿ ಪಾಸಾಗ್ತೀಯಾ?"

"ನೋಡ್ಕೊಂಡು ಬರೀತೀನಿ. ನಾನೂ ಅಲ್ಲೇ ತಾನೆ ಓಡ್ಸಿದ್ದು? ಯಾವ ದಿನ ಎಲ್ಲಿಗೆ ಅಂತ ಯಾರಿಗೆ ನೆನಪಿರುತ್ತೆ?"

ಅವಳು ಕೊಟ್ಟಳು. ಮೈದುನನಿಂದ ಪುಸ್ತಕ ಮೇಷ್ಟ್ರ ಕೈಗೆ ಹೋಯಿತು. ಮೇಷ್ಟ್ರು ಎಂದರೆ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಿಲ್ದಾಣದಲ್ಲಿ ಎಲ್ಲರ ಅರ್ಜಿ ಬರೆದುಕೊಡುವ ಹಿರಿಯ ಚಾಲಕ. ಅರವತ್ತು ದಾಟಿದ್ದರೂ ಕನ್ನಡಿ ಮುಂದೆ ನಿಂತು ಮೀಸೆಗೆ ಬಣ್ಣ ಹಚ್ಚುವವರು. ಅವರಿಂದ ನಿಲ್ದಾಣದ ಗಡ್ಡದವನಿಗೆ, ಅಲ್ಲಿಂದ ಇನ್ನಿಬ್ಬರಿಗೆ. ಇವಳನ್ನು ಬಿಟ್ಟರೆ ನಿಲ್ದಾಣದಲ್ಲಿ ಇದ್ದದ್ದೇ ಆ ಐದು ಜನ. ಮೇಷ್ಟ್ರು ಫೋನ್ ಮಾಡಿ ಧೈರ್ಯ ಹೇಳಿದರು.

"ಹೆದರ್ಕೋಬೇಡಮ್ಮಾ. ಯಾರೂ ಸಂಶಯಪಡದ ಹಾಗೆ ಒಬ್ಬೊಬ್ಬರಿಗೂ ಹತ್ತತ್ತು ನಿಮಿಷ ಹಿಂದೆಮುಂದೆ ಮಾಡ್ಸಿದ್ದೀನಿ. ನಾವು ಯಾರ ಮನೆಗೂ ಕನ್ನ ಹಾಕ್ತಿಲ್ಲ. ದುಡೀತಿದ್ದದ್ದು ನಿಜ, ಕೆಲಸ ಹೋಗಿದ್ದೂ ನಿಜ. ಪಟ್ಟಿ ಒಂದು ಸುಳ್ಳು, ಅಷ್ಟೆ."

ಪುಸ್ತಕ ಊರೆಲ್ಲ ಸುತ್ತಿ ವಾಪಸು ಬರುವ ಹೊತ್ತಿಗೆ ಮೊದಲ ಸುತ್ತಿನ ಅರ್ಜಿ ಮುಗಿದಿತ್ತು. ಎರಡನೇ ಸುತ್ತಿಗೆ ಕಾಯಿರಿ ಎಂದಿತ್ತು ಸರ್ಕಾರ. ಹೀಗಾಗಿ ಪಟ್ಟಿಯ ಒಡತಿಯೇ ಅರ್ಜಿ ಹಾಕಿರಲಿಲ್ಲ. ಐವರಿಗೂ ನಾಲ್ಕೇ ದಿನದಲ್ಲಿ ನೆರವು ಬಂತು. ಮೇಲಿನ ಮನೆಯಲ್ಲಿ ಬಹಳ ದಿನದ ಮೇಲೆ ನಗು ಕೇಳಿಸಿತು.

ಬಿಳಿ ವ್ಯಾನು ಬಂದದ್ದು ಅದರ ಮುಂದಿನ ಸೋಮವಾರ.

ಮೊದಲು ಮೇಷ್ಟ್ರ ಮನೆಗೆ. ತಲೆಯಿಂದ ಕಾಲಿನವರೆಗೆ ಬಿಳಿ ಸುತ್ತಿಕೊಂಡ ಇಬ್ಬರು ಇಳಿದು, ಹೆಸರು ಕೂಗಿ, ಒಂದು ಜೊತೆ ಬಟ್ಟೆ ತಗೊಳ್ಳಿ ಎಂದರಂತೆ. ಯಾಕೆ ಎಂದರೆ, ಪಟ್ಟಿಯಲ್ಲಿದೆ ಎಂದರಂತೆ. ಮಂಗಳವಾರ ಗಡ್ಡದವನು, ಅವನ ಹಿಂದೆಯೇ ಇನ್ನೊಬ್ಬ. ಬುಧವಾರ ಬೆಳಿಗ್ಗೆ ನಾಲ್ಕನೆಯವನು. ಟ್ಯಾಕ್ಸಿಯವರಲ್ಲೆಲ್ಲ ರೋಗ ಸೇರಿಕೊಂಡಿದೆ ಎಂದು ಓಣಿಯಲ್ಲಿ ಗುಸುಗುಸು ಶುರುವಾಯಿತು. ಎದುರುಮನೆಯವರು ಇವಳ ಕಾರಿನ ಕಡೆಗಿನ ಕಿಟಕಿಗೆ ರಟ್ಟು ಹೊಡೆದರು. ಇವಳೂ ಒಂದು ಚೀಲದಲ್ಲಿ ಬಟ್ಟೆ ತುಂಬಿ ಬಾಗಿಲ ಹಿಂದಿಟ್ಟಳು. ಆದರೆ ತಾನು ಹೋದರೆ ಅತ್ತೆಯನ್ನು ಮಗ್ಗುಲು ಹೊರಳಿಸುವವರು ಯಾರು?

"ಯಾರು ಬಂದ್ರೂ ಬರ್ಲಿ ಬಿಡೇ," ಎಂದರು ಅತ್ತೆ. "ಬಾಗಿಲು ತೆಗೆಯೋಕೆ ನನ್ ಕೈಲಂತೂ ಆಗಲ್ಲ."

ಬುಧವಾರ ಮಧ್ಯಾಹ್ನ ಮೈದುನ ಮೆಟ್ಟಿಲ ಮೇಲೆಯೇ ನಿಂತು ಪೇಪರು ಚಾಚಿದ.

"ಹನ್ನೆರಡನೇ ತಾರೀಕು ಸಂಜೆ ಸ್ಟೇಷನ್ನಿಂದ ಯಾರನ್ನ ಕೂರಿಸ್ಕೊಂಡಿದ್ದೆ?"

ಪೇಪರಿನಲ್ಲಿ ಆರೋಗ್ಯ ಇಲಾಖೆಯ ಪ್ರಕಟಣೆಯಿತ್ತು. ಹನ್ನೆರಡರ ಸಂಜೆ ಹೊರಗಿನಿಂದ ರೈಲಿನಲ್ಲಿ ಬಂದು, ಕೋರ್ಟಿನ ಹಿಂದಿನ ವಸತಿಗೃಹದಲ್ಲಿ ಇಳಿದುಕೊಂಡಿದ್ದ ವ್ಯಕ್ತಿ ತೀರಿಕೊಂಡಿದ್ದಾನೆ. ಸ್ಟೇಷನ್ನಿನಿಂದ ಅವನನ್ನು ಕರೆತಂದ ಟ್ಯಾಕ್ಸಿಯನ್ನು ಹುಡುಕಲಾಗುತ್ತಿದೆ. ಚಾಲಕರ ನೆರವಿನ ಅರ್ಜಿಗಳಿಂದ ಐದು ವಾಹನಗಳನ್ನು ಗುರುತಿಸಲಾಗಿದೆ. ಮುನ್ನೆಚ್ಚರಿಕೆಯಾಗಿ ಐವರನ್ನೂ ಆ ಪ್ರಯಾಣದ ದಿನದಿಂದ ಇಪ್ಪತ್ತೆಂಟು ದಿನಗಳ ನಿಗಾದಲ್ಲಿ ಇರಿಸಲಾಗುವುದು.

ಪುಸ್ತಕ ತೆರೆಯುವ ಅಗತ್ಯವೇ ಬರಲಿಲ್ಲ. ಅವಳಿಗೆ ಆ ಮನುಷ್ಯ ಕಣ್ಣಿಗೆ ಕಟ್ಟಿದಂತೆ ನೆನಪಿದ್ದ. ದಪ್ಪ ಕನ್ನಡಕ, ಮಡಿಲಲ್ಲಿ ಕಾಗದಗಳ ಚೀಲ. ದಾರಿಯುದ್ದಕ್ಕೂ ಕರವಸ್ತ್ರದೊಳಗೆ ಕೆಮ್ಮುತ್ತ, 'ರೈಲಿನ ಧೂಳು, ತಪ್ಪು ತಿಳೀಬೇಡಿ' ಎಂದು ತಾನೇ ಕಿಟಕಿ ಇಳಿಸಿದ್ದ. ಊರು ಮುಚ್ಚುವುದಕ್ಕೆ ಎರಡು ದಿನ ಮುಂಚೆ.

"ಅವನು ನನ್ನ ಗಾಡೀಲಿ ಕೂತಿದ್ದ," ಎಂದಳು. "ನಾನ್ ಹೋಗಿ ಹೇಳಿಬಿಡ್ತೀನಿ."

"ಏನಂತ ಹೇಳ್ತೀಯಾ? ಇವರೆಲ್ಲ ನನ್ನ ಪುಸ್ತಕ ನೋಡಿ ಸುಳ್ಳು ಬರೆದ್ರು ಅಂತಾನಾ?" ಅವನು ದನಿ ತಗ್ಗಿಸಿದ. "ಅರ್ಜಿ ಕೊನೇಲಿ ಏನಿದೆ ಓದಿದ್ದೀಯಾ? ಸುಳ್ಳು ಮಾಹಿತಿ ಕೊಟ್ರೆ ಪರ್ಮಿಟ್ ರದ್ದು. ಅದಕ್ಕೇ ಅವರು ನಾಲ್ಕೂ ಜನ ಬಾಯಿಗೆ ಬೀಗ ಹಾಕ್ಕೊಂಡು ವ್ಯಾನು ಹತ್ತಿದ್ದು. ಒಬ್ಬನಾದರೂ ನಾನಲ್ಲ ಅಂದನಾ? ಅಂದಿದ್ರೆ ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. ಹೇಗೂ ಹತ್ತು ಹನ್ನೆರಡು ದಿನ ಉಳಿದಿದೆ. ಊಟ ಹಾಕ್ತಾರೆ, ಮಲಗಿಸ್ತಾರೆ. ನಾನೂ ಹೋಗ್ತೀನಿ, ಬರ್ತೀನಿ. ನೀನು ಅಮ್ಮನ್ನ ನೋಡ್ಕೋ. ಬಾಯಿ ಬಿಡಬೇಡ."

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಬೇಕೆಂದರೂ ಸಿಗಲಿಲ್ಲ. ನಿಜ ಹೇಳಬೇಕೆಂದರೆ, ಹುಡುಕಬೇಕೆಂದು ಅವಳಿಗೂ ಅನ್ನಿಸಲಿಲ್ಲ. ಆ ಪ್ರಯಾಣ ಆಗಿ ಹದಿನೇಳು ದಿನ. ಅವಳಿಗೆ ಜ್ವರವಿಲ್ಲ, ನೆಗಡಿಯಿಲ್ಲ. ಗಟ್ಟಿಯಾಗಿದ್ದೇನೆ, ನಾನು ಹೇಳಿದರೆ ಯಾರಿಗೇನು ಲಾಭ ಎಂದುಕೊಂಡಳು. ಬಾಗಿಲ ಹಿಂದಿನ ಚೀಲ ಬಿಚ್ಚಿ ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸಿದಳು.

ಗುರುವಾರ ವ್ಯಾನು ಅವರ ಮನೆ ಮುಂದೆಯೇ ನಿಂತಿತು. ಓರಗಿತ್ತಿ ಮಹಡಿಯಿಂದ ಇಳಿಯಲಿಲ್ಲ. ಮೇಲಿನಿಂದಲೇ ಹಗ್ಗ ಕಟ್ಟಿ ಚೀಲ ಇಳಿಸಿದಳು. ಬಿಳಿ ಬಟ್ಟೆಯವನು ಪಟ್ಟಿ ನೋಡಿ, "ಇದು ಕೊನೇದು," ಎಂದು ಗೀಟು ಎಳೆದ. ಬಾಗಿಲಲ್ಲಿ ನಿಂತ ಇವಳ ಕಡೆ ಅವನು ಕಣ್ಣೆತ್ತಿಯೂ ನೋಡಲಿಲ್ಲ. ಆ ಹೊತ್ತಿನಲ್ಲಿ ಹಾಯೆನಿಸಿದ್ದನ್ನು ಅವಳು ಆಮೇಲೆ ಎಷ್ಟು ಬೇಡವೆಂದರೂ ಮರೆಯಲಾರದೆ ಹೋದಳು.

ಅವರನ್ನು ಇಟ್ಟದ್ದು ಮುಚ್ಚಿದ ಒಂದು ಶಾಲೆಯಲ್ಲಿ. ಮೈದುನ ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಮೊದಲ ದಿನ ದನಿಯಲ್ಲಿ ಇನ್ನೂ ಹುರುಪಿತ್ತು. ಐದನೇ ಕ್ಲಾಸಿನ ಕೋಣೆಯಲ್ಲಿ ಮಂಚ, ಕರಿಹಲಗೆ ಮೇಲೆ ಯಾರೋ ಬರೆದ ಲೆಕ್ಕ ಹಾಗೇ ಇದೆ, ಮೇಷ್ಟ್ರು ಅದನ್ನು ಬಿಡಿಸಲಾಗದೆ ಒದ್ದಾಡುತ್ತಿದ್ದಾರೆ ಎಂದು ನಕ್ಕ. ಶುಕ್ರವಾರ ಸಂಜೆ ಬೇರೆ ಸುದ್ದಿ ಹೇಳಿದ.

"ಒಂದು ಬಸ್ಸು ತುಂಬ ಜನರನ್ನ ತಂದು ಇಲ್ಲೇ ತುಂಬಿದ್ದಾರೆ. ಎಲ್ಲಿಂದ ಬಂದ್ರೋ, ಏನೋ. ನಮ್ಮ ಮಂಚಗಳನ್ನ ಒತ್ತಿ ಒತ್ತಿ ಜಾಗ ಮಾಡಿದ್ರು. ನನ್ನ ಪಕ್ಕದೋನು ಒಂದೇ ಸಮ ಕೆಮ್ತಾನೆ."

"ಬೇರೆ ಕೋಣೆ ಕೇಳು."

"ಕೇಳ್ದೆ. ಅವರೂ ನಿಗಾದೋರು, ನೀವೂ ನಿಗಾದೋರು ಅಂದ್ರು."

ಶನಿವಾರ ಅವಳು ಪುಸ್ತಕ ಕೈಗೆತ್ತಿಕೊಂಡು ಕಾರಿನವರೆಗೂ ಹೋದಳು. ಅತ್ತೆ ಒಳಗಿನಿಂದ ಕೂಗಿದರು. ವಾಪಸು ಬಂದಳು. ಭಾನುವಾರ ಆಫೀಸು ಇರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆ ದಿನಗಳಲ್ಲಿ ಭಾನುವಾರವೂ ಇರುತ್ತದೆಂದು ಅವಳಿಗೆ ಗೊತ್ತಿತ್ತು. ಸೋಮವಾರ ಮೈದುನನ ಫೋನ್ ಬರಲಿಲ್ಲ. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುತ್ತಿನಂತೆ ಆ ಮಾತು ಅವಳ ಬಾಯಲ್ಲೇ ಇತ್ತು.

ಮಂಗಳವಾರ ಬೆಳಿಗ್ಗೆ ಅವನೇ ಕರೆ ಮಾಡಿದ. ದನಿ ಒಡೆದಿತ್ತು.

"ಮೇಷ್ಟ್ರ ಮೈ ಕೆಂಡ ಆಗಿದೆ. ರಾತ್ರಿಯೆಲ್ಲ ಯಾವುದೋ ಗಾಡಿ ಓಡಿಸ್ತಿರೋ ಹಾಗೆ ಕೈ ಆಡಿಸ್ತಿದ್ರು. ನನಗೂ ಗಂಟಲು ಸ್ವಲ್ಪ... ನನ್ ಹೆಂಡ್ತಿಗೆ ಹೇಳ್ಬೇಡ."

ಅತ್ತೆಗೆ ಗಂಜಿ ಕುಡಿಸಿ, ನೀರಿನ ಲೋಟವನ್ನು ಕೈಗೆಟುಕುವಲ್ಲಿಟ್ಟು, ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತು ಓರಗಿತ್ತಿಗೆ, "ಅತ್ತೆ ಕೂಗಿದ್ರೆ ಇಳಿದು ಬಾ," ಎಂದಳು. ಕಾರು ತೆಗೆದಳು. ಖಾಲಿ ರಸ್ತೆಯಲ್ಲಿ ಸಿಗ್ನಲ್ ದೀಪಗಳು ಯಾರಿಗೂ ಅಲ್ಲದ ಕೆಂಪು ತೋರುತ್ತಿದ್ದವು. ಪ್ರತಿಯೊಂದರಲ್ಲೂ ನಿಂತು ಹೋದಳು.

ಆರೋಗ್ಯ ಇಲಾಖೆಯ ಮುಂದೆ ಉದ್ದನೆಯ ಮೇಜು, ಗಾಜಿನ ತಡಿಕೆ, ಅದರ ಹಿಂದೆ ಎಷ್ಟೋ ದಿನ ನಿದ್ದೆಗೆಟ್ಟಂತಿದ್ದ ಅಧಿಕಾರಿಣಿ. ಇವಳು ಪುಸ್ತಕ ತೆರೆದು ಗಾಜಿಗೆ ಒತ್ತಿ ಹಿಡಿದಳು.

"ಇದು ನನ್ನ ಬಾಡಿಗೆ. ಆ ಮನುಷ್ಯ ಕೂತಿದ್ದು ನನ್ನ ಗಾಡೀಲಿ. ಅವರು ಐದು ಜನ ನನ್ನದನ್ನ ನೋಡಿ ಬರ್ಕೊಂಡಿದ್ದು. ಅವರಿಗೂ ಅದಕ್ಕೂ ಸಂಬಂಧ ಇಲ್ಲ."

ಅಧಿಕಾರಿಣಿ ಸಾಲುಗಳ ಮೇಲೆ ಕಣ್ಣಾಡಿಸಿದಳು. ಹನ್ನೆರಡನೇ ತಾರೀಕಿನ ಸಾಲಿನ ಮೇಲೆ ಗಾಜಿನ ಆಚೆಯಿಂದಲೇ ಬೆರಳಿಟ್ಟಳು.

"ಇದನ್ನ ನಾನು ಬರ್ಕೊಂಡ್ರೆ ಅವರ ನೆರವು ನಿಲ್ಲುತ್ತೆ. ಪರ್ಮಿಟ್ಟೂ ಹೋಗಬಹುದು. ಗೊತ್ತಾ?"

"ಗೊತ್ತು. ಬರ್ಕೊಳ್ಳಿ. ಅವರನ್ನ ಮನೆಗೆ ಕಳಿಸಿ."

"ಕಳಿಸೋಕಾಗಲ್ಲಮ್ಮ." ಅವಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ಶುಕ್ರವಾರ ಬಂದ ಬಸ್ಸಿನೋರಲ್ಲಿ ಏಳು ಜನಕ್ಕೆ ರೋಗ ಇರೋದು ನಿನ್ನೆ ಖಾತ್ರಿಯಾಗಿದೆ. ಈಗ ಆ ಶಾಲೇಲಿ ಇರೋರೆಲ್ಲ ಅವರ ಸಂಪರ್ಕದೋರು. ಬಾಗಿಲಿಗೆ ಸೀಲ್ ಹಾಕಿದ್ದೇವೆ. ನೀವು ಶುಕ್ರವಾರ ಬೆಳಿಗ್ಗೆ ಬಂದಿದ್ರೆ..."

ಪುಸ್ತಕವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಿಕೊಂಡು, ಇವಳ ಮೂಗಿಗೂ ಗಂಟಲಿಗೂ ಕಡ್ಡಿ ಹಾಕಿ ಪರೀಕ್ಷೆಗೆ ಮಾದರಿ ತೆಗೆದುಕೊಂಡರು. ಮನೆಗೆ ಬಂದು ಅತ್ತೆಯದನ್ನೂ ತೆಗೆದುಕೊಂಡು, ಬಾಗಿಲಿಗೆ ನಿಗಾದ ಚೀಟಿ ಅಂಟಿಸಿದರು. ಮೂರನೇ ದಿನ ಫಲಿತಾಂಶ ಬಂತು. ಅವಳಿಗೆ ಏನೂ ಇರಲಿಲ್ಲ. ಅತ್ತೆಗೂ ಇರಲಿಲ್ಲ. ಕೆಮ್ಮುತ್ತ ಕೂತಿದ್ದ ಆ ಕನ್ನಡಕದವನು ಅವಳ ಕಾರಿನಲ್ಲಿ ಏನನ್ನೂ ಬಿಟ್ಟುಹೋಗಿರಲಿಲ್ಲ.

ಅಂದೇ ಸಂಜೆ ಮೇಷ್ಟ್ರು ತೀರಿಕೊಂಡರು.

ಉಳಿದ ನಾಲ್ವರು ಒಬ್ಬೊಬ್ಬರಾಗಿ ಹೊರಬಂದರು. ಮೈದುನ ಬಂದದ್ದು ಇಪ್ಪತ್ತಾರು ದಿನಗಳ ಮೇಲೆ. ಮೆಟ್ಟಿಲು ಹತ್ತುವಾಗ ನಡುವೆ ಎರಡು ಸಲ ಕೂತ. ಎಲ್ಲರಿಗೂ ಒಂದೊಂದು ನೋಟೀಸು ಬಂದಿತ್ತು: ನೆರವು ರದ್ದು, ಪರ್ಮಿಟ್ ಆರು ತಿಂಗಳು ಅಮಾನತು. ಮೇಷ್ಟ್ರ ಮನೆಗೂ ಬಂದಿತ್ತು, ಅವರ ಹೆಸರಿಗೇ. ಮೈದುನ ಇವಳನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಓರಗಿತ್ತಿಯಂತೂ ನೀರಿಗೆ ಇಳಿದರೂ ಗೋಡೆ ನೋಡಿಕೊಂಡೇ ಹೋಗುತ್ತಿದ್ದಳು.

ಊರು ತೆರೆಯಿತು. ನಿಲ್ದಾಣದಲ್ಲಿ ಇವಳದೊಂದೇ ಕಾರು. ಗಡ್ಡದವನು ಒಂದು ದಿನ ನಡೆದು ಬಂದು, ತನ್ನ ಕಾರು ನಿಲ್ಲುತ್ತಿದ್ದ ಜಾಗವನ್ನು ನೋಡಿ, ಹಾಗೇ ತಿರುಗಿ ಹೋದ. ಅತ್ತಿಗೆ ಎಂದು ಕರೆಯುವವರು ಅಲ್ಲಿ ಯಾರೂ ಉಳಿದಿರಲಿಲ್ಲ.

ಎರಡನೇ ವಾರ ಒಂದು ಮಧ್ಯಾಹ್ನ ಮೇಷ್ಟ್ರ ಮಗಳು ಬಂದಳು. ಮೂವತ್ತರ ಹೆಂಗಸು, ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಕಿಟಕಿಯ ಹತ್ತಿರ ಬಗ್ಗಿದಳು.

"ಒಂದೇ ಮಾತು ಕೇಳ್ತೀನಿ. ನಿಮಗೆ ಯಾವತ್ತು ಗೊತ್ತಾಯ್ತು?"

ಅವಳಿಗೆ ಸುಳ್ಳು ಹೇಳಲು ಅವಕಾಶವಿತ್ತು. ಯಾರೂ ಬರೆದಿಟ್ಟಿರದ ದಿನ ಅದು.

"ಬುಧವಾರ."

"ನೀವು ಆಫೀಸಿಗೆ ಹೋಗಿದ್ದು ಅದರ ಮುಂದಿನ ಮಂಗಳವಾರ ಅಂತೆ."

"ಹೌದು."

ಮಗಳು ತಲೆಯಾಡಿಸಿದಳು. ಅಳಲಿಲ್ಲ. ರಸ್ತೆಯ ಆ ಕಡೆ ಈ ಕಡೆ ನೋಡಿದಳು. ಬೇರೆ ಟ್ಯಾಕ್ಸಿ ಇರಲಿಲ್ಲ. ಹಿಂದಿನ ಬಾಗಿಲು ತೆಗೆದು ಕೂತಳು.

"ಆ ಶಾಲೆಗೆ ಹೋಗ್ಬೇಕು. ಅಪ್ಪನ ಬಟ್ಟೆ, ಕನ್ನಡಕ ಎಲ್ಲ ಅಲ್ಲೇ ಇದೆಯಂತೆ. ಇವತ್ತು ಬಂದು ತಗೊಂಡು ಹೋಗಿ ಅಂದಿದ್ದಾರೆ."

ಅತ್ತಿಗೆ ಗಾಡಿ ಶುರು ಮಾಡಿದಳು. ನಿಲ್ದಾಣದ ತಿರುವು ದಾಟಿದ ಮೇಲೆ ಹಿಂದಿನಿಂದ ದನಿ ಬಂತು.

"ಮೀಟರ್ ಹಾಕಿಲ್ಲ ನೀವು."

"ನಿಮ್ಮ ಹತ್ರ ನಾನು ಹೇಗಮ್ಮಾ..."

"ಹಾಕಿ. ನಿಮ್ಮ ಋಣ ನನಗೆ ಬೇಡ."

ಅವಳು ಕೈ ಚಾಚಿ ಮೀಟರು ಒತ್ತಿದಳು.